ಗೇಟ್ ಪರೀಕ್ಷೆ: ಅಧ್ಯಯನ ಸಾಮಗ್ರಿಗಳ ಆಯ್ಕೆ ಹಾಗೂ ಸಿದ್ಧತಾ ಕ್ರಮದ ಬಗ್ಗೆ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಇಂಜಿನಿಯರಿಂಗ್, ತಂತ್ರಜ್ಞಾನ, ವಾಸ್ತುಶಿಲ್ಪ ಹಾಗೂ ವಿಜ್ಞಾನ ವಿಷಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಅಪೇಕ್ಷಿಸುವವರಿಗಾಗಿ ರಾಷ್ಟ್ರಮಟ್ಟದಲ್ಲಿ ನಡೆಯುವ ಪ್ರಮುಖ ಪರೀಕ್ಷೆಯೇ ಗ್ರಾಜುಯೇಟ್ ಆಪ್ಟಿಟ್ಯೂಡ್ ಟೆಸ್ಟ್ ಇನ್ ಇಂಜಿನಿಯರಿಂಗ್, ಅಂದರೆ ‘ಗೇಟ್’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬಯಿ, ದೆಹಲಿ, ಗುವಾಹಟಿ, ಕಾನ್ಪುರ, ಖರಗ್‌ಪುರ, ಮದ್ರಾಸ್ ಮತ್ತು ರೂರ್ಕಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಸರದಿಯಂತೆ ಈ ಪರೀಕ್ಷೆಯ ಹೊಣೆಯನ್ನು ನಿರ್ವಹಿಸುತ್ತವೆ. 2024ನೇ ಸಾಲಿನ ಪರೀಕ್ಷೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯು ಸಂಘಟಿಸಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಹಾಗೂ ಧಾರವಾಡದ ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಎಂ.ಟೆಕ್. ಪ್ರವೇಶಕ್ಕೆ ಗೇಟ್ ಅಂಕವೇ ಮುಖ್ಯ ಆಧಾರವಾಗಿರುತ್ತದೆ. ಕೆಲವು ಸಾರ್ವಜನಿಕ ವಲಯದ ಉದ್ದಿಮೆಗಳೂ ನೇಮಕಾತಿಯಲ್ಲಿ ಈ ಅಂಕವನ್ನು ಪರಿಗಣಿಸುತ್ತವೆ.

ಈ ಪರೀಕ್ಷೆ ವರ್ಷಕ್ಕೆ ಒಂದು ಬಾರಿ ಮಾತ್ರ ನಡೆಯುತ್ತದೆ. ಸಿದ್ಧತೆಯ ಕ್ರಮದಲ್ಲಿ ಲೋಪವಾದಲ್ಲಿ ಅಭ್ಯರ್ಥಿಯು ಒಂದು ಇಡೀ ವರ್ಷ ಕಾಯಬೇಕಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ, ಸಾಲ ಮಾಡಿ ಓದಿದವರಿಗೆ, ದುಡಿಮೆಯ ನಡುವೆಯೇ ಓದಬೇಕಾದವರಿಗೆ ಆ ಒಂದು ವರ್ಷದ ಬೆಲೆ ಸಣ್ಣದಲ್ಲ. ಬಹುತೇಕ ಅಭ್ಯರ್ಥಿಗಳಿಗೆ ಅಡ್ಡಿಯಾಗುವುದು ಪುಸ್ತಕಗಳ ಕೊರತೆಯಲ್ಲ, ಪುಸ್ತಕಗಳ ಹೆಚ್ಚಳ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಹಣ ವೆಚ್ಚ ಮಾಡಬೇಕು, ಎಲ್ಲಿ ಮಾಡಬೇಕಾಗಿಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಮೊದಲು ತಿಳಿಯಬೇಕಾದದ್ದು ಪ್ರಶ್ನೆಪತ್ರಿಕೆಯ ಸ್ವರೂಪ

ಪುಸ್ತಕದ ಅಂಗಡಿಗೆ ಹೋಗುವ ಮುನ್ನ ಅಭ್ಯರ್ಥಿಯು ಪ್ರಶ್ನೆಪತ್ರಿಕೆಯ ಸ್ವರೂಪವನ್ನು ಮನನ ಮಾಡಿಕೊಳ್ಳುವುದು ಅವಶ್ಯಕ. ಪರೀಕ್ಷೆಯ ಅವಧಿ 3 ಗಂಟೆ, ಪ್ರಶ್ನೆಗಳು 65, ಒಟ್ಟು ಅಂಕಗಳು 100. ಪರೀಕ್ಷೆಯನ್ನು ಗಣಕಯಂತ್ರದ ಮೂಲಕ ಇಂಗ್ಲಿಷ್ ಭಾಷೆಯಲ್ಲಿ ನಡೆಸಲಾಗುತ್ತದೆ. ಎಲ್ಲಾ ಪತ್ರಿಕೆಗಳಲ್ಲಿಯೂ ಸಾಮಾನ್ಯ ಸಾಮರ್ಥ್ಯ ವಿಭಾಗಕ್ಕೆ 15 ಅಂಕಗಳಿರುತ್ತವೆ. ಇಂಜಿನಿಯರಿಂಗ್‌ನ ಬಹುತೇಕ ಪತ್ರಿಕೆಗಳಲ್ಲಿ ಇಂಜಿನಿಯರಿಂಗ್ ಗಣಿತಕ್ಕೆ 13 ಅಂಕಗಳು, ಉಳಿದ 72 ಅಂಕಗಳು ಆಯಾ ವಿಷಯಕ್ಕೆ ಮೀಸಲಾಗಿರುತ್ತವೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದಂತಹ ಪತ್ರಿಕೆಗಳಲ್ಲಿ ಸಾಮಾನ್ಯ ಸಾಮರ್ಥ್ಯವನ್ನು ಹೊರತುಪಡಿಸಿದ 85 ಅಂಕಗಳೂ ಆಯಾ ವಿಷಯಕ್ಕೇ ಸೇರಿರುತ್ತವೆ.

ಪ್ರಶ್ನೆಗಳಲ್ಲಿ ಮೂರು ವಿಧಗಳಿವೆ.

(ಅ) ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿಯುತ್ತರವಿರುವ ಪ್ರಶ್ನೆಗಳು. 1 ಅಂಕದ ಪ್ರಶ್ನೆಗೆ ತಪ್ಪು ಉತ್ತರ ನೀಡಿದಲ್ಲಿ 1/3 ಅಂಕ, 2 ಅಂಕಗಳ ಪ್ರಶ್ನೆಗೆ ತಪ್ಪು ಉತ್ತರ ನೀಡಿದಲ್ಲಿ 2/3 ಅಂಕ ಕಡಿತಗೊಳಿಸಲಾಗುತ್ತದೆ.

(ಆ) ಒಂದು ಅಥವಾ ಅದಕ್ಕಿಂತ ಹೆಚ್ಚು ಸರಿಯುತ್ತರಗಳಿರಬಹುದಾದ ಪ್ರಶ್ನೆಗಳು. ಇವುಗಳನ್ನು 2021ನೇ ಸಾಲಿನಿಂದ ಸೇರಿಸಲಾಗಿದೆ. ಇವುಗಳಲ್ಲಿ ಅಂಕ ಕಡಿತವಿಲ್ಲ. ಆದರೆ ಎಲ್ಲಾ ಸರಿಯುತ್ತರಗಳನ್ನು ಗುರುತಿಸಿದಲ್ಲಿ ಮಾತ್ರ ಅಂಕ ದೊರೆಯುತ್ತದೆ. ಭಾಗಶಃ ಅಂಕ ನೀಡಲಾಗುವುದಿಲ್ಲ.

(ಇ) ಸಂಖ್ಯಾರೂಪದ ಉತ್ತರವನ್ನು ಪರದೆಯ ಮೇಲಿನ ಕೀಲಿಮಣೆಯಿಂದ ನಮೂದಿಸಬೇಕಾದ ಪ್ರಶ್ನೆಗಳು. ಇವುಗಳಲ್ಲಿಯೂ ಅಂಕ ಕಡಿತವಿಲ್ಲ.

ಈ ಮೂರು ವಿಧಗಳನ್ನು ಅರಿತ ಅಭ್ಯರ್ಥಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡನೆಯ ಹಾಗೂ ಮೂರನೆಯ ವಿಧದ ಪ್ರಶ್ನೆಗಳಲ್ಲಿ ಆಯ್ಕೆಗಳನ್ನು ನೋಡಿ ಊಹಿಸುವುದಕ್ಕೆ ಹೆಚ್ಚಿನ ಅವಕಾಶವಿಲ್ಲ. ಆದ್ದರಿಂದ ಕೇವಲ ‘ಪ್ರಶ್ನೆ ಮತ್ತು ಉತ್ತರ’ಗಳನ್ನು ಪಟ್ಟಿ ಮಾಡಿರುವ ಕೈಪಿಡಿಗಳು ಈ ಪರೀಕ್ಷೆಗೆ ಸಾಲುವುದಿಲ್ಲ. ಲೆಕ್ಕವನ್ನು ಕೊನೆಯವರೆಗೆ ಬಿಡಿಸಿ ಉತ್ತರಕ್ಕೆ ತಲುಪುವ ಅಭ್ಯಾಸ ಬೇಕಾಗುತ್ತದೆ.

3. ಅಧ್ಯಯನ ಸಾಮಗ್ರಿಗಳ ಆಯ್ಕೆ

3.1 ಪಠ್ಯಕ್ರಮ ಮತ್ತು ಹಿಂದಿನ ಪ್ರಶ್ನೆಪತ್ರಿಕೆಗಳು

ಸಿದ್ಧತೆಗೆ ಬೇಕಾದ ಮೊದಲ ಎರಡು ಸಾಮಗ್ರಿಗಳಿಗೆ ಯಾವುದೇ ವೆಚ್ಚವಿಲ್ಲ. ಆಯಾ ಸಾಲಿನ ಪಠ್ಯಕ್ರಮ ಹಾಗೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಪಠ್ಯಕ್ರಮವನ್ನು ಮುದ್ರಿಸಿಕೊಂಡು, ಪ್ರತಿ ಅಂಶದ ಎದುರು ‘ಚೆನ್ನಾಗಿ ತಿಳಿದಿದೆ’, ‘ಸ್ವಲ್ಪ ತಿಳಿದಿದೆ’, ‘ತಿಳಿದಿಲ್ಲ’ ಎಂದು ಗುರುತು ಹಾಕಬೇಕು. ಅನಂತರ ಹಿಂದಿನ ಒಂದು ಪ್ರಶ್ನೆಪತ್ರಿಕೆಯನ್ನು, ಯಾವ ಸಿದ್ಧತೆಯೂ ಇಲ್ಲದೆ, 3 ಗಂಟೆಗಳ ಅವಧಿಯಲ್ಲಿ ಬಿಡಿಸಿ ನೋಡಬೇಕು. ದೊರೆತ ಅಂಕ ಕಡಿಮೆಯಾದರೂ ಧೃತಿಗೆಡಬೇಕಾಗಿಲ್ಲ. ಅದು ಫಲಿತಾಂಶವಲ್ಲ, ಆರಂಭಿಕ ಶಿಲ್ಕು. ಎಲ್ಲಿಂದ ಹೊರಟಿರುವುದೆಂಬುದು ತಿಳಿಯದಿದ್ದಲ್ಲಿ ಎಷ್ಟು ದೂರ ಬಂದಿರುವುದೆಂಬುದೂ ತಿಳಿಯುವುದಿಲ್ಲ.

ಪಠ್ಯಕ್ರಮವು ಆಗಿಂದಾಗ್ಗೆ ಪರಿಷ್ಕರಣೆಗೊಳ್ಳುತ್ತದೆ. ಹಿರಿಯ ವಿದ್ಯಾರ್ಥಿಗಳಿಂದ ಅಥವಾ ಹಳೆಯ ಪುಸ್ತಕದ ಅಂಗಡಿಯಿಂದ ಪಡೆದ ಕೈಪಿಡಿಗಳನ್ನು ಉಪಯೋಗಿಸುವ ಮುನ್ನ ಅವುಗಳ ಪರಿವಿಡಿಯನ್ನು ಪ್ರಸಕ್ತ ಸಾಲಿನ ಪಠ್ಯಕ್ರಮದೊಂದಿಗೆ ತಾಳೆ ನೋಡತಕ್ಕದ್ದು.

3.2 ಪಠ್ಯಪುಸ್ತಕಗಳು

ಪದವಿ ತರಗತಿಯಲ್ಲಿ ಅಭ್ಯಾಸ ಮಾಡಿದ ಪಠ್ಯಪುಸ್ತಕವೇ ಬಹುತೇಕ ಸಂದರ್ಭಗಳಲ್ಲಿ ಸೂಕ್ತ. ಪರಿಚಿತ ಪುಸ್ತಕದಲ್ಲಿ ಬೇಕಾದ ಪುಟ ಬೇಗನೆ ಕೈಗೆ ಸಿಗುತ್ತದೆ. ಒಂದು ವಿಷಯಕ್ಕೆ ಒಂದು ಪಠ್ಯಪುಸ್ತಕ ಹಾಗೂ ಲೆಕ್ಕಗಳಿಗಾಗಿ ಹಿಂದಿನ ಪ್ರಶ್ನೆಗಳ ಒಂದು ಸಂಕಲನ ಎಂಬ ಮಿತಿಯನ್ನು ಹಾಕಿಕೊಳ್ಳುವುದು ಒಳಿತು. ಇಂಜಿನಿಯರಿಂಗ್ ಗಣಿತಕ್ಕೆ ಬಿ.ಎಸ್. ಗ್ರೆವಾಲ್ ಅಥವಾ ಕ್ರೇಜಿಗ್, ಉಷ್ಣಬಲ ವಿಜ್ಞಾನಕ್ಕೆ ಪಿ.ಕೆ. ನಾಗ್, ನಿಯಂತ್ರಣ ವ್ಯವಸ್ಥೆಗಳಿಗೆ ನಾಗರಥ್ ಮತ್ತು ಗೋಪಾಲ್, ಗಣಕ ವಿಜ್ಞಾನದಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಸಿಲ್ಬರ್‌ಷಾಟ್ಜ್ ಮತ್ತು ಗ್ಯಾಲ್ವಿನ್ ಇವರ ಪುಸ್ತಕಗಳು ಕಾಲೇಜುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಇವುಗಳನ್ನು ಉದಾಹರಣೆಗಾಗಿ ಮಾತ್ರ ಹೆಸರಿಸಲಾಗಿದ್ದು, ಇಂಥದ್ದೇ ಪುಸ್ತಕವನ್ನು ಕೊಳ್ಳಬೇಕೆಂಬ ನಿರ್ಬಂಧವಿರುವುದಿಲ್ಲ.

ಇಂತಹ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾಗಿಲ್ಲ. ಪಠ್ಯಕ್ರಮದಲ್ಲಿರುವ ಅಧ್ಯಾಯಗಳನ್ನು ಮಾತ್ರ ಓದಿ, ಬಿಡಿಸಿದ ಉದಾಹರಣೆಗಳನ್ನು ಪುಸ್ತಕ ಮುಚ್ಚಿಟ್ಟು ತಾವೇ ಮತ್ತೊಮ್ಮೆ ಬಿಡಿಸಬೇಕು. ಓದಿದಾಗ ಸುಲಭವೆನಿಸಿದ ಲೆಕ್ಕವು ಖಾಲಿ ಹಾಳೆಯ ಮುಂದೆ ಕುಳಿತಾಗ ಕಠಿಣವೆನಿಸುವುದು ಸಾಮಾನ್ಯ. ಈ ವ್ಯತ್ಯಾಸವನ್ನು ಪರೀಕ್ಷಾ ಕೊಠಡಿಗೆ ಮೊದಲೇ, ಮನೆಯಲ್ಲಿ ಕಂಡುಕೊಳ್ಳುವುದು ಲಾಭದಾಯಕ.

3.3 ಉಚಿತವಾಗಿ ದೊರೆಯುವ ಸಾಮಗ್ರಿಗಳು

ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯು ಜೊತೆಗೂಡಿ 2003ರಲ್ಲಿ ಆರಂಭಿಸಿದ ‘ಎನ್‌ಪಿಟೆಲ್’ ಯೋಜನೆಯಡಿ ಇಂಜಿನಿಯರಿಂಗ್‌ನ ಬಹುತೇಕ ವಿಷಯಗಳ ಉಪನ್ಯಾಸಗಳು ದೃಶ್ಯರೂಪದಲ್ಲಿ ಉಚಿತವಾಗಿ ಲಭ್ಯವಿವೆ. ಗೇಟ್ ಅಭ್ಯರ್ಥಿಗಳಿಗಾಗಿಯೇ ಎನ್‌ಪಿಟೆಲ್‌ನ ಪ್ರತ್ಯೇಕ ಪೋರ್ಟಲ್ ಇದೆ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ಹಾಗೂ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯು ನಿರ್ವಹಿಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ಉಪಯೋಗಿಸಿಕೊಳ್ಳಬಹುದು. ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಊರುಗಳವರಿಗೆ ‘ಸ್ವಯಂ ಪ್ರಭಾ’ ದೂರದರ್ಶನ ವಾಹಿನಿಗಳು ಪ್ರಯೋಜನಕಾರಿ. ರಾಜ್ಯದ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳು, ತಾವು ಓದಿದ ಕಾಲೇಜಿನ ಗ್ರಂಥಾಲಯ ಹಾಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಗಳಲ್ಲಿ ವಿಚಾರಿಸಿದ ಬಳಿಕವೇ ಪುಸ್ತಕ ಖರೀದಿಯ ತೀರ್ಮಾನ ಕೈಗೊಳ್ಳುವುದು ಸೂಕ್ತ.

ದೃಶ್ಯ ಉಪನ್ಯಾಸಗಳ ಬಳಕೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ನಲವತ್ತು ಉಪನ್ಯಾಸಗಳ ಒಂದು ಕೋರ್ಸನ್ನು ಪೂರ್ತಿ ನೋಡುವುದಕ್ಕೆ ವಾರಗಳೇ ಬೇಕಾಗುತ್ತವೆ. ‘ತಿಳಿದಿಲ್ಲ’ ಎಂದು ಗುರುತು ಹಾಕಿದ ಅಂಶಗಳಿಗೆ ಸಂಬಂಧಿಸಿದ ಉಪನ್ಯಾಸಗಳನ್ನು ಮಾತ್ರ ಆರಿಸಿಕೊಂಡು, ಪ್ರತಿ ಉಪನ್ಯಾಸದ ನಂತರ ಅದೇ ಅಂಶದ ಮೇಲಿನ ಹಿಂದಿನ ಪ್ರಶ್ನೆಗಳನ್ನು ಬಿಡಿಸಬೇಕು. ನೋಡಿದ್ದೆಲ್ಲವೂ ಕಲಿತದ್ದಲ್ಲ.

3.4 ತರಬೇತಿ ಸಂಸ್ಥೆಗಳು

ತರಬೇತಿ ಪಡೆಯುವುದು ಕಡ್ಡಾಯವೂ ಅಲ್ಲ, ವ್ಯರ್ಥವೂ ಅಲ್ಲ. ಕಾಲೇಜಿನಲ್ಲಿ ಒಂದು ವಿಷಯವನ್ನು ಸರಿಯಾಗಿ ಬೋಧಿಸಿರದಿದ್ದಲ್ಲಿ, ಅಥವಾ ವೇಳಾಪಟ್ಟಿಯ ಒತ್ತಾಯವಿಲ್ಲದೆ ಓದು ಸಾಗದಿದ್ದಲ್ಲಿ, ತರಬೇತಿ ನೆರವಾಗಬಹುದು. ಆದರೆ ಶುಲ್ಕಕ್ಕಾಗಿ ಸಾಲ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ವಿಚಾರಿಸತಕ್ಕದ್ದು:

• ತಮ್ಮ ವಿಷಯವನ್ನು ಬೋಧಿಸುವವರು ಯಾರು? ಮಾದರಿ ತರಗತಿಗೆ ಹಾಜರಾಗಲು ಅವಕಾಶವಿದೆಯೇ?
• ಮಧ್ಯದಲ್ಲಿ ಬಿಟ್ಟಲ್ಲಿ ಶುಲ್ಕ ಮರುಪಾವತಿಯ ನಿಯಮವೇನು? ಅದು ಲಿಖಿತದಲ್ಲಿದೆಯೇ?
• ಪಾವತಿಸಿದ ಪ್ರತಿ ಕಂತಿಗೂ ರಶೀದಿ ನೀಡಲಾಗುತ್ತದೆಯೇ?
• ಪೂರ್ಣ ತರಬೇತಿಗೆ ಬದಲಾಗಿ ಮಾದರಿ ಪರೀಕ್ಷೆಗಳ ಸರಣಿಯನ್ನು ಮಾತ್ರ ಪಡೆಯಲು ಅವಕಾಶವಿದೆಯೇ?

ಆಯ್ಕೆಯ ಅಥವಾ ರ‍್ಯಾಂಕ್‌ನ ಖಾತರಿ ನೀಡುವ ಜಾಹೀರಾತುಗಳನ್ನು ನಂಬಬಾರದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ತರಬೇತಿ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ಯಶಸ್ಸಿನ ಸುಳ್ಳು ಖಾತರಿ ನೀಡುವುದನ್ನು ಹಾಗೂ ಯಶಸ್ವಿ ಅಭ್ಯರ್ಥಿಗಳ ಭಾವಚಿತ್ರಗಳನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವುದನ್ನು ಈ ಮಾರ್ಗಸೂಚಿಗಳು ನಿಷೇಧಿಸುತ್ತವೆ. ದೂರುಗಳಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915ನ್ನು ಸಂಪರ್ಕಿಸಬಹುದು.

4. ಸಮಯದ ಆಯವ್ಯಯ

ಹಣಕ್ಕೆ ಇರುವಂತೆಯೇ ಸಮಯಕ್ಕೂ ಆಯವ್ಯಯ ಪಟ್ಟಿ ಇರಬೇಕು. ಪರೀಕ್ಷೆಯು ಸಾಮಾನ್ಯವಾಗಿ ಫೆಬ್ರವರಿ ತಿಂಗಳಿನಲ್ಲಿ ನಡೆಯುತ್ತದೆ. ಉದಾಹರಣೆಗೆ, ತಾಲ್ಲೂಕು ಕೇಂದ್ರವೊಂದರಲ್ಲಿ ಹಗಲು ಉದ್ಯೋಗ ನಿರ್ವಹಿಸುತ್ತಾ ಸಂಜೆ ಓದುವ ಅಭ್ಯರ್ಥಿಯು ಆಗಸ್ಟ್ ಮಧ್ಯಭಾಗದಲ್ಲಿ ಸಿದ್ಧತೆ ಆರಂಭಿಸಿದಲ್ಲಿ ಸುಮಾರು 24 ವಾರಗಳು ದೊರೆಯುತ್ತವೆ. ಕೆಲಸದ 5 ದಿನಗಳಲ್ಲಿ ದಿನಕ್ಕೆ 2 ಗಂಟೆ, ವಾರಾಂತ್ಯದ 2 ದಿನಗಳಲ್ಲಿ ದಿನಕ್ಕೆ 5 ಗಂಟೆ ಓದಿದಲ್ಲಿ ವಾರಕ್ಕೆ 20 ಗಂಟೆ, ಒಟ್ಟು 480 ಗಂಟೆಗಳಾಗುತ್ತವೆ.

ಈ ಪೈಕಿ 120 ಗಂಟೆಗಳನ್ನು ಮೊದಲೇ ಪ್ರತ್ಯೇಕಿಸಿ, ಮಾದರಿ ಪರೀಕ್ಷೆ ಹಾಗೂ ಪುನರಾವರ್ತನೆಗೆ ಮೀಸಲಿಡಬೇಕು. ಉಳಿದ 360 ಗಂಟೆಗಳನ್ನು ಅಂಕಗಳ ಪ್ರಮಾಣಕ್ಕೆ ಅನುಗುಣವಾಗಿ ಹಂಚಿದಲ್ಲಿ ವಿಷಯಕ್ಕೆ ಸುಮಾರು 259, ಇಂಜಿನಿಯರಿಂಗ್ ಗಣಿತಕ್ಕೆ 47 ಹಾಗೂ ಸಾಮಾನ್ಯ ಸಾಮರ್ಥ್ಯಕ್ಕೆ 54 ಗಂಟೆಗಳು ಬರುತ್ತವೆ. ವಿಷಯದಲ್ಲಿ ಎಂಟು ಭಾಗಗಳಿದ್ದಲ್ಲಿ ಒಂದೊಂದು ಭಾಗಕ್ಕೆ ದೊರೆಯುವುದು ಸುಮಾರು 32 ಗಂಟೆಗಳು ಮಾತ್ರ. ಈ ಸಂಖ್ಯೆಯನ್ನು ಕಂಡಾಗಲೇ ಒಂದು ಭಾಗಕ್ಕೆ ಮೂರು ಪುಸ್ತಕಗಳನ್ನು ಓದುವುದು ಏಕೆ ಸಾಧ್ಯವಿಲ್ಲವೆಂಬುದು ಮನವರಿಕೆಯಾಗುತ್ತದೆ.

ಗಣಿತ ಹಾಗೂ ಸಾಮಾನ್ಯ ಸಾಮರ್ಥ್ಯ ವಿಭಾಗಗಳನ್ನು ಕೊನೆಯ ತಿಂಗಳಿಗೆ ಬಿಡುವುದು ಅಭ್ಯರ್ಥಿಗಳಲ್ಲಿ ಕಂಡುಬರುವ ರೂಢಿ. ಇವೆರಡೂ ಸೇರಿ 28 ಅಂಕಗಳಾಗುತ್ತವೆ. ಕಷ್ಟವಾದ ಒಂದು ಭಾಗದಲ್ಲಿ 8 ಅಂಕಗಳಿಗಾಗಿ ಎರಡು ತಿಂಗಳು ಶ್ರಮಿಸುವ ಅಭ್ಯರ್ಥಿಯು ಈ 28 ಅಂಕಗಳನ್ನು ಕಡೆಗಣಿಸುವುದು ಜಾಣತನವಲ್ಲ. ವಾರಕ್ಕೆ ಎರಡು ಸಂಜೆಗಳನ್ನು ಆರಂಭದಿಂದಲೇ ಇವುಗಳಿಗೆ ಮೀಸಲಿಡುವುದು ಒಳಿತು.

5. ಮಾದರಿ ಪರೀಕ್ಷೆ ಹಾಗೂ ತಪ್ಪುಗಳ ಲೆಕ್ಕಪುಸ್ತಕ

ಮೀಸಲಿಟ್ಟ 120 ಗಂಟೆಗಳಲ್ಲಿ 10 ಮಾದರಿ ಪರೀಕ್ಷೆಗಳನ್ನು ತೆಗೆದುಕೊಳ್ಳಬಹುದು. ಪ್ರತಿ ಪರೀಕ್ಷೆಗೆ 3 ಗಂಟೆ, ಅದರ ಪರಿಶೀಲನೆಗೆ 3 ಗಂಟೆ. ಪರಿಶೀಲನೆ ಇಲ್ಲದ ಮಾದರಿ ಪರೀಕ್ಷೆಯು ಲೆಕ್ಕ ಬರೆಯದ ವ್ಯಾಪಾರದಂತೆ. ಲಾಭವಾಯಿತೋ ನಷ್ಟವಾಯಿತೋ ಹೇಳಲಾಗುವುದಿಲ್ಲ.

ಇದಕ್ಕಾಗಿ ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಕಾಲಂಗಳನ್ನು ಹಾಕಿಕೊಳ್ಳಬೇಕು: ದಿನಾಂಕ, ಪಠ್ಯಕ್ರಮದ ಅಂಶ, ತಪ್ಪಿಗೆ ಕಾರಣ, ಮತ್ತೆ ಬಿಡಿಸಿದ ದಿನಾಂಕ. ಕಾರಣಗಳು ಸಾಮಾನ್ಯವಾಗಿ ನಾಲ್ಕು: ವಿಷಯ ತಿಳಿದಿರಲಿಲ್ಲ; ತಿಳಿದಿದ್ದರೂ ಲೆಕ್ಕದಲ್ಲಿ ತಪ್ಪಾಯಿತು; ಪ್ರಶ್ನೆಯನ್ನು ತಪ್ಪಾಗಿ ಓದಲಾಯಿತು; ಸಮಯ ಸಾಲಲಿಲ್ಲ. ಮೂರು ಪರೀಕ್ಷೆಗಳ ಬಳಿಕ ಯಾವ ಕಾರಣ ಹೆಚ್ಚು ಬಾರಿ ಬಂದಿದೆ ಎಂದು ಎಣಿಸಬೇಕು. ಮೊದಲ ಕಾರಣ ಹೆಚ್ಚಾಗಿದ್ದಲ್ಲಿ ಮಾತ್ರ ಪುಸ್ತಕಕ್ಕೆ ಮರಳಬೇಕು. ಉಳಿದ ಮೂರಕ್ಕೆ ಹೊಸ ಪುಸ್ತಕ ಪರಿಹಾರವಲ್ಲ, ಅಭ್ಯಾಸವೇ ಪರಿಹಾರ. ಅಂಕ ಕಡಿಮೆಯಾದಾಗಲೆಲ್ಲ ಮತ್ತೊಂದು ಪುಸ್ತಕ ಕೊಳ್ಳುವ ಅಭ್ಯರ್ಥಿಗಳು ಈ ಎಣಿಕೆಯನ್ನು ಮಾಡಿರುವುದಿಲ್ಲ.

ಪರೀಕ್ಷೆಯಲ್ಲಿ ಸ್ವಂತ ಕ್ಯಾಲ್ಕುಲೇಟರ್ ಬಳಸಲು ಅವಕಾಶವಿಲ್ಲ. ಪರದೆಯ ಮೇಲೆ ಒದಗಿಸುವ ಕ್ಯಾಲ್ಕುಲೇಟರ್ ಅನ್ನು ಮೌಸ್ ಮೂಲಕ ಬಳಸಬೇಕಾಗುತ್ತದೆ. ಅಧಿಕೃತ ಜಾಲತಾಣದಲ್ಲಿ ಲಭ್ಯವಿರುವ ಮಾದರಿ ಪರೀಕ್ಷೆಯ ಕೊಂಡಿಯ ಮೂಲಕ ಇದನ್ನು ಮೊದಲೇ ರೂಢಿಸಿಕೊಳ್ಳಬೇಕು. ಸ್ವಂತ ಗಣಕಯಂತ್ರವಿಲ್ಲದವರು ಕಾಲೇಜಿನ ಗಣಕಯಂತ್ರ ಪ್ರಯೋಗಾಲಯದಲ್ಲಿ ಅಥವಾ ಸೈಬರ್ ಕೇಂದ್ರದಲ್ಲಿ ಕನಿಷ್ಠ ಎರಡು ಮೂರು ಬಾರಿಯಾದರೂ ಅಭ್ಯಾಸ ಮಾಡುವುದು ಸೂಕ್ತ.

6. ಊಹಿಸಿ ಉತ್ತರಿಸುವುದು ಯಾವಾಗ ಸರಿ?

ಈ ಬಗ್ಗೆ ಅಭ್ಯರ್ಥಿಗಳಲ್ಲಿ ಗೊಂದಲವಿದೆ. ಲೆಕ್ಕ ಸರಳವಾಗಿದೆ. ಒಂದೇ ಸರಿಯುತ್ತರವಿರುವ 1 ಅಂಕದ ಪ್ರಶ್ನೆಗೆ ನಾಲ್ಕು ಆಯ್ಕೆಗಳಲ್ಲಿ ಯಾವುದೊಂದನ್ನೂ ತಿಳಿಯದೆ ಗುರುತು ಹಾಕಿದಲ್ಲಿ, ಅಂತಹ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿಯಾಗಿ 1 ಅಂಕ ಬರುತ್ತದೆ. ಮೂರು ತಪ್ಪಾಗಿ 1/3ರಂತೆ 1 ಅಂಕ ಹೋಗುತ್ತದೆ. ನಿವ್ವಳ ಲಾಭ ಶೂನ್ಯ. ಒಂದು ಆಯ್ಕೆಯು ಖಚಿತವಾಗಿ ತಪ್ಪೆಂದು ತಿಳಿದು ಅದನ್ನು ಕೈಬಿಟ್ಟಲ್ಲಿ ಪ್ರತಿ ಪ್ರಶ್ನೆಗೆ ಸರಾಸರಿ 1/9 ಅಂಕ, ಎರಡು ಆಯ್ಕೆಗಳನ್ನು ಕೈಬಿಟ್ಟಲ್ಲಿ 1/3 ಅಂಕ ಲಾಭವಿರುತ್ತದೆ. ಆದ್ದರಿಂದ ಎರಡು ಆಯ್ಕೆಗಳನ್ನು ನಿಶ್ಚಿತವಾಗಿ ಕೈಬಿಡಲು ಸಾಧ್ಯವಾದಾಗ ಉತ್ತರಿಸುವುದು ಲಾಭದಾಯಕ. ಏನೂ ತಿಳಿಯದಿದ್ದಾಗ ಮುಂದಿನ ಪ್ರಶ್ನೆಗೆ ಸಾಗುವುದು ಸಮಯದ ದೃಷ್ಟಿಯಿಂದ ಒಳಿತು. ಅಂಕ ಕಡಿತವಿಲ್ಲದ ಎರಡು ವಿಧಗಳ ಪ್ರಶ್ನೆಗಳನ್ನು ಮಾತ್ರ ಖಾಲಿ ಬಿಡಬಾರದು.

100 ಅಂಕಗಳಿಗೆ 180 ನಿಮಿಷಗಳಿರುವುದರಿಂದ ಒಂದು ಅಂಕಕ್ಕೆ ದೊರೆಯುವುದು 1 ನಿಮಿಷ 48 ಸೆಕೆಂಡುಗಳು. 2 ಅಂಕಗಳ ಪ್ರಶ್ನೆಯೊಂದರಲ್ಲಿ 4 ನಿಮಿಷ ಕಳೆದರೂ ದಾರಿ ಕಾಣದಿದ್ದಲ್ಲಿ ಅದನ್ನು ಪುನರ್‌ಪರಿಶೀಲನೆಗೆ ಗುರುತು ಮಾಡಿ ಮುಂದುವರಿಯಬೇಕು.

7. ಕನ್ನಡ ಮಾಧ್ಯಮದ ಹಿನ್ನೆಲೆಯ ಅಭ್ಯರ್ಥಿಗಳಿಗೆ

ಪ್ರೌಢಶಾಲೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ಅಭ್ಯರ್ಥಿಗಳು ತಾಂತ್ರಿಕ ವಿಷಯಗಳಲ್ಲಿ ಹಿಂದುಳಿದಿರುವುದಿಲ್ಲ. ಅವರಿಗೆ ತೊಡಕಾಗುವುದು ದೀರ್ಘ ವಾಕ್ಯಗಳ ಇಂಗ್ಲಿಷ್ ಪ್ರಶ್ನೆಗಳು ಹಾಗೂ ಸಾಮಾನ್ಯ ಸಾಮರ್ಥ್ಯದಲ್ಲಿನ ಭಾಷಾ ಪ್ರಶ್ನೆಗಳು. ಪ್ರತಿದಿನ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಓದಿ, ಅದರ ಸಾರಾಂಶವನ್ನು ಮೂರು ಸಾಲುಗಳಲ್ಲಿ, ಬೇಕಾದಲ್ಲಿ ಕನ್ನಡದಲ್ಲಿಯೇ, ಬರೆಯುವುದು ಉತ್ತಮ ಅಭ್ಯಾಸ. ವಿಷಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದು ದೋಷವಲ್ಲ. ಪ್ರಶ್ನೆಯಲ್ಲಿ ‘ಅಲ್ಲ’, ‘ಹೊರತುಪಡಿಸಿ’, ‘ಕನಿಷ್ಠ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕಂಡಾಗ ನಿಂತು ಓದುವ ರೂಢಿಯನ್ನು ಮಾತ್ರ ಬೆಳೆಸಿಕೊಳ್ಳಬೇಕು. ತಪ್ಪುಗಳ ಲೆಕ್ಕಪುಸ್ತಕದ ಮೂರನೆಯ ಕಾರಣವು ಇದರಿಂದ ಗಣನೀಯವಾಗಿ ತಗ್ಗುತ್ತದೆ.

8. ಪರ್ಯಾಯ ಅವಕಾಶ

ರಾಜ್ಯದ ಕಾಲೇಜುಗಳಲ್ಲಿನ ಎಂ.ಇ. ಹಾಗೂ ಎಂ.ಟೆಕ್. ಪ್ರವೇಶಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿಜಿಸಿಇಟಿ ಪರೀಕ್ಷೆಯನ್ನು ನಡೆಸುತ್ತದೆ. ಗೇಟ್ ಅರ್ಹತೆ ಪಡೆದವರಿಗೆ ಸದರಿ ಪ್ರವೇಶದಲ್ಲಿ ಆದ್ಯತೆ ಇರುತ್ತದೆ. ಗೇಟ್‌ಗಾಗಿ ಮಾಡಿದ ಸಿದ್ಧತೆಯು ಪಿಜಿಸಿಇಟಿಗೂ ಬಹುಮಟ್ಟಿಗೆ ಉಪಯೋಗವಾಗುವುದರಿಂದ, ಎರಡಕ್ಕೂ ಅರ್ಜಿ ಸಲ್ಲಿಸುವುದು ವಿವೇಕಯುತ. ಪಿಜಿಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದಿರುವುದರಿಂದ, ಮೇಲೆ 6ನೇ ಭಾಗದಲ್ಲಿ ತಿಳಿಸಿದ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ಎಲ್ಲಾ ಪ್ರಶ್ನೆಗಳಿಗೂ ಉತ್ತರಿಸಬೇಕು.

ಗೇಟ್ ಅಂಕವು ಫಲಿತಾಂಶ ಪ್ರಕಟವಾದ ದಿನಾಂಕದಿಂದ 3 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿರುವವರೂ ಪರೀಕ್ಷೆಗೆ ಕುಳಿತುಕೊಳ್ಳಲು ಅರ್ಹರಿರುವುದರಿಂದ, ಸಾಧ್ಯವಾದವರು ಒಂದು ವರ್ಷ ಮುಂಚಿತವಾಗಿಯೇ ಪ್ರಯತ್ನಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ವಿಕಲಚೇತನ ಅಭ್ಯರ್ಥಿಗಳಿಗೆ ಅರ್ಜಿ ಶುಲ್ಕದಲ್ಲಿ ರಿಯಾಯಿತಿ ಇರುತ್ತದೆ. ಸಂಬಂಧಿಸಿದ ಪ್ರಮಾಣಪತ್ರಗಳನ್ನು ಅರ್ಜಿ ಆಹ್ವಾನಿಸುವುದಕ್ಕೆ ಮೊದಲೇ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.

9. ಮುಕ್ತಾಯ

ಮೇಲಿನ ವಿವರಗಳ ಸಾರಾಂಶವೆಂದರೆ: ಪಠ್ಯಕ್ರಮವನ್ನು ಕೈಯಲ್ಲಿ ಹಿಡಿದು ಆರಂಭಿಸುವುದು, ವಿಷಯಕ್ಕೊಂದು ಪುಸ್ತಕವನ್ನು ಆರಿಸಿ ಅದಕ್ಕೆ ನಿಷ್ಠರಾಗಿರುವುದು, ಉಚಿತವಾಗಿ ದೊರೆಯುವುದನ್ನು ಬಳಸಿದ ನಂತರವೇ ಹಣ ವೆಚ್ಚ ಮಾಡುವುದು, ಸಮಯವನ್ನು ಅಂಕಗಳ ಪ್ರಮಾಣದಲ್ಲಿ ಹಂಚುವುದು, ತಪ್ಪುಗಳಿಗೆ ಲೆಕ್ಕವಿಡುವುದು. ಪರೀಕ್ಷೆಗೆ ಮುನ್ನಿನ ಕೊನೆಯ ಎರಡು ವಾರಗಳಲ್ಲಿ ಯಾವುದೇ ಹೊಸ ಸಾಮಗ್ರಿಯನ್ನು ತೆರೆಯದೆ, ತಮ್ಮದೇ ಟಿಪ್ಪಣಿ ಹಾಗೂ ಲೆಕ್ಕಪುಸ್ತಕವನ್ನು ಪುನರಾವರ್ತಿಸುವುದು ಸೂಕ್ತ. ಅಂಗಡಿಯಲ್ಲಿ ದೊರೆಯದಿರುವ, ಅಭ್ಯರ್ಥಿಗೆ ಅತ್ಯಂತ ಉಪಯುಕ್ತವಾದ ಪುಸ್ತಕ ಅದೊಂದೇ.

ಗಮನಿಸಿ: ಪರೀಕ್ಷೆಯ ದಿನಾಂಕ, ಶುಲ್ಕ, ಅರ್ಹತೆ ಹಾಗೂ ನಿಯಮಗಳು ಪ್ರತಿ ಸಾಲಿನಲ್ಲಿಯೂ ಬದಲಾವಣೆಗೆ ಒಳಪಟ್ಟಿರುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಅಭ್ಯರ್ಥಿಗಳು ಆಯಾ ಸಾಲಿನ ಅಧಿಕೃತ ಅಧಿಸೂಚನೆ ಹಾಗೂ ಮಾಹಿತಿ ಪುಸ್ತಿಕೆಯನ್ನು ತಪ್ಪದೇ ಪರಿಶೀಲಿಸತಕ್ಕದ್ದು. ಅಭ್ಯರ್ಥಿಗಳು ಹಾಗೂ ಪೋಷಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.